ನಾಯಕರ ಹಿನ್ನೆಲೆ ಮತ್ತು ಸಂವಿಧಾನನಿಷ್ಠೆ

ರಾಜಕೀಯ ನಾಯಕರ ಶಿಕ್ಷಣ ಹಾಗೂ ವೃತ್ತಿಗಳು ಅವರ ಸಂವಿಧಾನನಿಷ್ಠೆಯನ್ನು ನಿರ್ಧರಿಸುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕಾನೂನು ಓದಿದವರು ಕಾನೂನಿಗೆ ತಲೆಬಾಗುತ್ತಾರೆ, ಸೈನ್ಯದಿಂದ ಬಂದವರು ಅದನ್ನು ಮೀರುತ್ತಾರೆ ಎಂಬುದು ಇದರ ಸರಳ ರೂಪ. ಚರಿತ್ರೆ ಈ ನಂಬಿಕೆಯನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ.

ಫಿಲಿಪ್ಪೀನ್ಸಿನ ಫರ್ಡಿನಾಂಡ್ ಮಾರ್ಕೋಸ್ ವಕೀಲಿ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದ ನ್ಯಾಯವಾದಿ. 1965ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ಅವರಿಗೆ 1935ರ ಸಂವಿಧಾನವು ಸತತ ಎಂಟು ವರ್ಷಗಳಿಗಿಂತ ಹೆಚ್ಚಿನ ಅಧಿಕಾರಾವಧಿಯನ್ನು ನೀಡುತ್ತಿರಲಿಲ್ಲ. 1972ರಲ್ಲಿ ಅವರು ಅದೇ ಸಂವಿಧಾನದ ವಿಧಿಯೊಂದನ್ನು ಆಧರಿಸಿ ಸೈನಿಕ ಶಾಸನವನ್ನು ಘೋಷಿಸಿದರು. 1973ರಲ್ಲಿ ಜನಸಭೆಗಳಲ್ಲಿ ಕೈ ಎತ್ತಿಸಿ ಹೊಸ ಸಂವಿಧಾನಕ್ಕೆ ಅನುಮೋದನೆ ಪಡೆದರು. 1986ರವರೆಗೆ ಅಧಿಕಾರದಲ್ಲಿ ಉಳಿದರು. ಇಲ್ಲಿ ಕಾನೂನಿನ ಜ್ಞಾನವು ಸಂವಿಧಾನವನ್ನು ರಕ್ಷಿಸಲಿಲ್ಲ. ಅದನ್ನು ಬರಿದುಗೊಳಿಸುವ ಸಾಧನವಾಯಿತು.

ನೆಲ್ಸನ್ ಮಂಡೇಲಾ ಅವರೂ ವಕೀಲರೇ. 1995ರಲ್ಲಿ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯವು ಸ್ಥಳೀಯ ಆಡಳಿತಕ್ಕೆ ಸಂಬಂಧಿಸಿದ ಅವರ ಘೋಷಣೆಗಳನ್ನು ಅಸಿಂಧುಗೊಳಿಸಿತು. ಜನಪ್ರಿಯತೆಯ ಶಿಖರದಲ್ಲಿದ್ದ ಅವರು ತೀರ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಎರಡನೆಯ ಅವಧಿಗೆ ಅವಕಾಶವಿದ್ದರೂ 1999ರಲ್ಲಿ ಅಧಿಕಾರ ತ್ಯಜಿಸಿದರು. ಇನ್ನು ಜಾರ್ಜ್ ವಾಷಿಂಗ್ಟನ್ ಕಾನೂನು ಪಂಡಿತರಲ್ಲ. ಭೂಮಾಪಕರಾಗಿ ಬಳಿಕ ಸೇನಾನಿಯಾದವರು. ಅಧಿಕಾರಾವಧಿಗೆ ಮಿತಿಯೇ ಇಲ್ಲದಿದ್ದಾಗ್ಯೂ ಅವರು 1797ರಲ್ಲಿ, ಎರಡು ಅವಧಿಗಳ ನಂತರ, ನಿವೃತ್ತರಾದರು. ಅಲಿಖಿತವಾಗಿದ್ದ ಆ ಮೇಲ್ಪಂಕ್ತಿ 1951ರಲ್ಲಿ ಲಿಖಿತ ತಿದ್ದುಪಡಿಯಾಯಿತು.

ಹಾಗಾದರೆ ಹಿನ್ನೆಲೆಗೆ ಅರ್ಥವೇ ಇಲ್ಲವೆಂದಲ್ಲ. ಅದು ನಾಯಕನಿಗೆ ಸಾಮರ್ಥ್ಯವನ್ನು ಒದಗಿಸುತ್ತದೆ. ಸಂಯಮದ ಭರವಸೆಯನ್ನು ನೀಡಲಾರದು. ಡಾ. ಬಿ. ಆರ್. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ, ಸಾಂವಿಧಾನಿಕ ನೈತಿಕತೆಯು ಹುಟ್ಟಿನಿಂದ ಬರುವ ಭಾವನೆಯಲ್ಲ, ಬೆಳೆಸಿಕೊಳ್ಳಬೇಕಾದದ್ದು ಎಂದು ಎಚ್ಚರಿಸಿದ್ದರು. ಸಂವಿಧಾನದ ರೂಪವನ್ನು ಬದಲಿಸದೆಯೇ, ಆಡಳಿತದ ಕ್ರಮವನ್ನಷ್ಟೇ ಬದಲಿಸಿ ಅದನ್ನು ಕೆಡಿಸಬಹುದು ಎಂಬುದೂ ಅವರ ವಾದದ ಭಾಗವಾಗಿತ್ತು.

1975ರ ಜೂನ್ 25ರಂದು ಭಾರತದಲ್ಲಿ ಘೋಷಿತವಾದ ತುರ್ತುಪರಿಸ್ಥಿತಿ ಈ ಎಚ್ಚರಿಕೆಗೆ ನಿದರ್ಶನ. ಅದಕ್ಕೆ ಸಲಹೆಯಿತ್ತ ಸಿದ್ಧಾರ್ಥ ಶಂಕರ ರಾಯ್ ಹಾಗೂ ಅಂಕಿತ ಹಾಕಿದ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಇಬ್ಬರೂ ಬ್ಯಾರಿಸ್ಟರರು. ಘೋಷಣೆಗೆ ಆಧಾರವಾದದ್ದು ಸಂವಿಧಾನದ್ದೇ 352ನೆಯ ವಿಧಿ.

ಆದ್ದರಿಂದ ನಾಯಕನು ಏನನ್ನು ಓದಿದ್ದಾನೆ ಎಂಬುದಕ್ಕಿಂತ, ತನಗೆ ಪ್ರತಿಕೂಲವಾದ ತೀರ್ಪಿನ ಎದುರು, ಅಧಿಕಾರಾವಧಿಯ ಕೊನೆಯಲ್ಲಿ ಹೇಗೆ ನಡೆದುಕೊಳ್ಳುತ್ತಾನೆ ಎಂಬುದೇ ಸಂವಿಧಾನನಿಷ್ಠೆಯ ನಿಜವಾದ ಒರೆಗಲ್ಲು.