ಒಂದೇ ಪೆಟ್ಟಿಗೆ, ದೇಶಕ್ಕೊಂದು ಬೆಲೆ

“ದುಬೈಯಲ್ಲಿ ಇದು ಇನ್ನೂ ಅಗ್ಗವಲ್ಲವೇ?” ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಎಲೆಕ್ಟ್ರಾನಿಕ್ಸ್ ವ್ಯಾಪಾರಸ್ಥರಲ್ಲಿ ಈ ಪ್ರಶ್ನೆಯನ್ನು ಕೇಳದವರು ವಿರಳ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಬಂಧುಗಳಿರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಊರೂರಿನಲ್ಲೂ ಇವೆ. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಸಂಚಾರ ಆರಂಭವಾದ ಬಳಿಕ ಅಲ್ಲಿನ ಅಂಗಡಿಯ ಬೆಲೆಚೀಟಿ ಇಲ್ಲಿನ ಗ್ರಾಹಕನಿಗೆ ಅಂಗೈಯ ನೆಲ್ಲಿಕಾಯಿಯಾಗಿದೆ. ಗೇಮ್ ಕನ್ಸೋಲಿನಂತಹ ವಸ್ತುವಿನ ವಿಷಯದಲ್ಲಂತೂ ಸ್ಥಳೀಯ ವ್ಯಾಪಾರಿಯು ಅತಿಲಾಭಕೋರನೆಂಬ ಶಂಕೆ ಬಹುಬೇಗ ಮೂಡುತ್ತದೆ. ಈ ಶಂಕೆ ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ಅಂಕಿಗಳ ಮೂಲಕವೇ ಪರಿಶೀಲಿಸುವುದು ಉಚಿತ.

ತೆರಿಗೆಯ ಪಾಲು

ಸೋನಿ ಕಂಪೆನಿಯ ಪ್ಲೇಸ್ಟೇಷನ್-5 ಅಮೆರಿಕದಲ್ಲಿ 2020ರ ನವೆಂಬರಿನಲ್ಲಿ 499 ಡಾಲರಿಗೆ ಬಿಡುಗಡೆಯಾಯಿತು. ಭಾರತಕ್ಕೆ ಅದು ಬಂದದ್ದು 2021ರ ಫೆಬ್ರವರಿ 2ರಂದು; ಬೆಲೆ 49,990 ರೂಪಾಯಿ. ಆಗ ಡಾಲರಿಗೆ ಸುಮಾರು 73 ರೂಪಾಯಿ ಇದ್ದುದರಿಂದ ಅಮೆರಿಕದ ಬೆಲೆ ನಮ್ಮ ಲೆಕ್ಕದಲ್ಲಿ 36,400 ರೂಪಾಯಿಗಳಷ್ಟಾಗುತ್ತದೆ. ಮೇಲ್ನೋಟಕ್ಕೆ ಹದಿಮೂರು ಸಾವಿರಕ್ಕೂ ಮಿಕ್ಕಿದ ಅಂತರ.

ಆದರೆ ಅಮೆರಿಕದಲ್ಲಿ ಘೋಷಿಸುವ ಬೆಲೆಗೆ ಮಾರಾಟ ತೆರಿಗೆ ಸೇರಿರುವುದಿಲ್ಲ. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಮ್ಮ ಬೆಲೆಯಲ್ಲಾದರೋ ಎಲ್ಲ ತೆರಿಗೆಯೂ ಅಡಕವಾಗಿರುತ್ತದೆ. 49,990 ರೂಪಾಯಿಗಳಲ್ಲಿ ಶೇ. 18ರ ಜಿಎಸ್‌ಟಿಯೇ 7,626 ರೂಪಾಯಿ. ಉಳಿಯುವುದು 42,364. ಕನ್ಸೋಲುಗಳ ಮೂಲ ಆಮದು ಸುಂಕವನ್ನು 2018ರ ಕೇಂದ್ರ ಮುಂಗಡಪತ್ರದಲ್ಲಿ ಶೇ. 10ರಿಂದ 20ಕ್ಕೆ ಏರಿಸಲಾಗಿತ್ತು. ಆ ಸುಂಕದ ಮೇಲೆ ಶೇ. 10ರ ಸಮಾಜ ಕಲ್ಯಾಣ ಮೇಲ್ತೆರಿಗೆ ಸೇರಿದರೆ ಒಟ್ಟು ಶೇ. 22. ಇದನ್ನೂ ಕಳೆದರೆ, ವಿತರಕರೂ ಅಂಗಡಿಯವರೂ ಒಂದು ರೂಪಾಯಿ ಲಾಭವಿರಿಸದಿದ್ದರೂ ಆಮದು ಮೌಲ್ಯ 34,725 ರೂಪಾಯಿ ಮೀರುವಂತಿರಲಿಲ್ಲ. ಅಂದರೆ ತೆರಿಗೆ ಕಳೆದ ಭಾರತೀಯ ಬೆಲೆ ಅಮೆರಿಕದ ಬೆಲೆಗಿಂತ ತುಸು ಕಡಿಮೆಯೇ! ಗ್ರಾಹಕನು ವ್ಯಾಪಾರಿಯ ಲಾಭವೆಂದು ಭಾವಿಸುವ ಅಂತರವು ವಾಸ್ತವದಲ್ಲಿ ಸರಕಾರದ ಬೊಕ್ಕಸಕ್ಕೆ ಸಲ್ಲುವ ಹಣ.

ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2018ರಲ್ಲಿ ಜಾರಿಗೆ ಬಂದ ಮೌಲ್ಯವರ್ಧಿತ ತೆರಿಗೆ ಶೇ. 5 ಮಾತ್ರ. ದುಬೈಯ ಅಗ್ಗದ ಗುಟ್ಟು ಮುಖ್ಯವಾಗಿ ಇಲ್ಲಿದೆ. ಇದಕ್ಕೆ ವ್ಯತಿರಿಕ್ತವಾಗಿ ಬ್ರೆಜಿಲಿನಲ್ಲಿ 2013ರಲ್ಲಿ ಪ್ಲೇಸ್ಟೇಷನ್-4ರ ಬೆಲೆ 3,999 ರಿಯಲ್, ಎಂದರೆ ಸುಮಾರು 1,850 ಡಾಲರ್ ಆಗಿತ್ತು. ಅದೇ ಪೆಟ್ಟಿಗೆ ಅಮೆರಿಕದಲ್ಲಿ 399 ಡಾಲರ್. ಅಲ್ಲಿನ ಬೆಲೆಗೆ ಆಮದು ತೆರಿಗೆಗಳೇ ಮುಖ್ಯ ಕಾರಣವೆಂದು ಕಂಪೆನಿಯೇ ಸಮಜಾಯಿಷಿ ನೀಡಬೇಕಾಯಿತು.

ನಾಣ್ಯ ಮತ್ತು ಕಂಪೆನಿಯ ನಿರ್ಧಾರ

ಶಂಕರಪುರದ ಮಲ್ಲಿಗೆಗೆ ದರ ದಿನದಿನವೂ ನಿರ್ಧಾರವಾಗುತ್ತದೆ. ಕನ್ಸೋಲಿನ ಬೆಲೆ ಹಾಗಲ್ಲ. ಕಂಪೆನಿಯು ದೇಶಕ್ಕೊಂದು ದರ ಗೊತ್ತುಮಾಡಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅದನ್ನೇ ಕಾಯ್ದುಕೊಳ್ಳುತ್ತದೆ. ಅಷ್ಟರಲ್ಲಿ ನಾಣ್ಯ ಕುಸಿದರೆ ಹೊರೆ ಕಂಪೆನಿಯ ಮೇಲೆ. ತಾಳಲಾಗದಾಗ ಬೆಲೆ ಏರಿಕೆ. 2022ರ ಆಗಸ್ಟಿನಲ್ಲಿ ಹಣದುಬ್ಬರ ಹಾಗೂ ನಾಣ್ಯಗಳ ಪ್ರತಿಕೂಲ ಸ್ಥಿತಿಯ ಕಾರಣ ನೀಡಿ ಸೋನಿಯು ಯುರೋಪ್, ಜಪಾನ್ ಮೊದಲಾದೆಡೆ ದರ ಏರಿಸಿತು. ಅಮೆರಿಕವನ್ನು ಆಗ ಕೈಬಿಟ್ಟಿತ್ತು. ಡಾಲರ್ 82 ರೂಪಾಯಿಯ ಆಸುಪಾಸಿನಲ್ಲಿದ್ದ ಅದೇ ವರ್ಷದ ನವೆಂಬರಿನಲ್ಲಿ ಭಾರತದ ಬೆಲೆ 54,990ಕ್ಕೇರಿತು. 2025ರ ಆಗಸ್ಟಿನಲ್ಲಿ ಅಮೆರಿಕದ ಗ್ರಾಹಕರೂ 50 ಡಾಲರ್ ಹೆಚ್ಚು ತೆರುವಂತಾಯಿತು.

ಇನ್ನೊಂದು ಸಂಗತಿಯೂ ಗಮನಾರ್ಹ. ಕನ್ಸೋಲ್ ಮಾರಾಟದಿಂದ ತನಗೆ ಎಂದೂ ಲಾಭವಾಗಿಲ್ಲವೆಂದು ಮೈಕ್ರೋಸಾಫ್ಟ್ ಕಂಪೆನಿಯ ಅಧಿಕಾರಿಯೊಬ್ಬರು 2021ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದಿದ್ದರು. ಲಾಭವಿರುವುದು ಆಟಗಳ ಮತ್ತು ಚಂದಾದ ಮಾರಾಟದಲ್ಲಿ. ಆದ್ದರಿಂದ ಯಾವ ದೇಶದಲ್ಲಿ ಎಷ್ಟು ಅಗ್ಗ ಮಾಡಬೇಕೆಂಬುದು ಮಾರುಕಟ್ಟೆ ವಿಸ್ತರಣೆಯ ಪ್ರಶ್ನೆಯೂ ಹೌದು. ನಿಂಟೆಂಡೊ ಕಂಪೆನಿಯು 2025ರ ಜೂನಿನಲ್ಲಿ ಸ್ವಿಚ್-2 ಅನ್ನು ಜಪಾನಿನಲ್ಲಿ ಎರಡು ದರಗಳಲ್ಲಿ ಹೊರತಂದಿತು: ಜಪಾನೀ ಭಾಷೆಯೊಂದೇ ಇರುವುದಕ್ಕೆ 49,980 ಯೆನ್, ಹಲವು ಭಾಷೆಗಳಿರುವುದಕ್ಕೆ 69,980 ಯೆನ್. ಯೆನ್ ದುರ್ಬಲವಾಗಿದ್ದಾಗ ಸ್ವದೇಶದವರಿಗೆ ಅಗ್ಗ ಮಾಡಿಕೊಟ್ಟ ಸರಕು ಪರದೇಶಗಳಿಗೆ ಸೋರಿಹೋಗದಂತೆ ಭಾಷೆಯನ್ನೇ ಬೇಲಿಯಾಗಿಸಿದ ಜಾಣ್ಮೆಯಿದು.

ನಮ್ಮ ಅಂಗಡಿಗೆ ಪಾಠ

ಊರಿಗೆ ಬರುವವರು ಸ್ವಂತ ಬಳಕೆಗೋ ಉಡುಗೊರೆಗೋ ವಸ್ತು ತರುವುದಕ್ಕೆ ಕಾನೂನಿನ ಅವಕಾಶವಿದೆ. 2016ರ ಬ್ಯಾಗೇಜ್ ನಿಯಮಗಳು ಕೊಲ್ಲಿಯಿಂದ ಮರಳುವ ಭಾರತೀಯರಿಗೆ 50,000 ರೂಪಾಯಿವರೆಗೆ ಸುಂಕ ವಿನಾಯಿತಿ ನೀಡಿದ್ದವು. ಇಂತಹ ಮಿತಿಗಳು ಆಗಾಗ ಪರಿಷ್ಕಾರವಾಗುವುದರಿಂದ ಪ್ರಯಾಣಕ್ಕೆ ಮುನ್ನ ವಿಚಾರಿಸಿಕೊಳ್ಳುವುದು ಲೇಸು. ಆದರೆ ಈ ಸೌಲಭ್ಯ ಮಾರಾಟದ ಸರಕಿಗೆ ಅನ್ವಯಿಸುವುದಿಲ್ಲ. ಹಾಗೆ ಬಂದ ಪೆಟ್ಟಿಗೆಯನ್ನು ಅಂಗಡಿಯಲ್ಲಿಟ್ಟು ಮಾರುವವರಿಗೆ ಆಮದಿನ ದಾಖಲೆಯೂ ಇರದು, ಹೂಡುವಳಿ ತೆರಿಗೆಯ ಜಮೆಯೂ ದೊರೆಯದು. ತಪಾಸಣೆ ನಡೆದರೆ ಉತ್ತರವೂ ಇರದು.

ಸೂಟ್‌ಕೇಸಿನೊಡನೆ ಬೆಲೆಯಲ್ಲಿ ಸ್ಪರ್ಧಿಸಲು ಸ್ಥಳೀಯ ವ್ಯಾಪಾರಿಗೆ ಸಾಧ್ಯವಿಲ್ಲ, ಸಾಧಿಸಬೇಕಾದ ಅಗತ್ಯವೂ ಇಲ್ಲ. ಕನ್ಸೋಲಿನ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೋ ಪ್ರದೇಶಕ್ಕೋ ಸೀಮಿತ. ಮಳೆಗಾಲದ ಸಿಡಿಲಿಗೂ ವಿದ್ಯುತ್ತಿನ ಏರಿಳಿತಕ್ಕೂ ಹೆಸರಾದ ಕರಾವಳಿಯಲ್ಲಿ, ಕೆಟ್ಟ ಪೆಟ್ಟಿಗೆಯನ್ನು ದುರಸ್ತಿಗಾಗಿ ದುಬೈಗೆ ಕಳುಹಿಸುವುದು ಸುಲಭವಲ್ಲ. ಬಿಲ್ಲು, ವಾರಂಟಿ, ಮಾರಾಟದ ನಂತರದ ಸೇವೆ ಇವೇ ನಮ್ಮ ನಿಜವಾದ ಸರಕು. ಗ್ರಾಹಕನು ದುಬೈಯ ಮಾತೆತ್ತಿದಾಗ ಮುನಿಸಿಕೊಳ್ಳದೆ, ತೆರಿಗೆಯ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ತೋರಿಸಿದರೆ ಸಾಕು. ಅವನು ಅಂದು ಕೊಳ್ಳದೆ ಹೋದರೂ, ಅಂಗಡಿಯವನು ಮೋಸಗಾರನೆಂಬ ಭಾವನೆಯನ್ನಾದರೂ ಅಲ್ಲಿಯೇ ಬಿಟ್ಟು ಹೋಗುತ್ತಾನೆ. ವ್ಯಾಪಾರದಲ್ಲಿ ಅದಕ್ಕಿಂತ ದೊಡ್ಡ ಗಳಿಕೆ ಬೇರೊಂದಿಲ್ಲ.