ಕೌದಿ : ನಾವು ನೋಡದೆ ಹೊದ್ದುಕೊಂಡ ಕಲೆ

ಕಲೆಯೆಂದೊಡನೆ ನಮ್ಮ ಸೀಮೆಯ ವಿದ್ಯಾರ್ಥಿಗಳು ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಮಲದ ಛತ್ತನ್ನೋ ಹಾವೇರಿಯ ಸಿದ್ಧೇಶ್ವರ ದೇವಾಲಯವನ್ನೋ ಹೆಸರಿಸುತ್ತಾರೆ. ಅದು ಯೋಗ್ಯವೇ ಸರಿ. ಆದರೆ ಹಿಂದಿನ ರಾತ್ರಿ ತಾನು ಹೊದ್ದು ಮಲಗಿದ ಕೌದಿಯನ್ನು ಹೆಸರಿಸಿದ ಒಬ್ಬ ವಿದ್ಯಾರ್ಥಿಯನ್ನೂ ಚಿತ್ರಕಲಾ ಶಿಕ್ಷಕನಾದ ನಾನು ಬಹುಕಾಲ ಕಂಡಿರಲಿಲ್ಲ. ಅವರನ್ನು ದೂರುವ ಅಧಿಕಾರ ನನಗಿಲ್ಲ. ಪ್ರಸಾದನಿಲಯದಲ್ಲಿದ್ದು ಓದುತ್ತಿದ್ದಾಗ, ಪೇಟೆಯ ಚಾದರು ತಂದ ಗೆಳೆಯರ ನಡುವೆ, ಅವ್ವ ಹೊಲಿದುಕೊಟ್ಟ ಕೌದಿಯ ತೇಪೆಯ ಮೈಯನ್ನು ಒಳಗೆ ಮಾಡಿ ಮಡಿಸಿಡುತ್ತಿದ್ದವನು ನಾನೇ.

ಕೌದಿ ಹೇಗೆ ಸಿದ್ಧವಾಗುತ್ತದೆಂಬುದನ್ನು ಈಗಿನ ಓದುಗರಿಗಾಗಿ ತುಸು ವಿವರವಾಗಿ ಹೇಳಬೇಕು. ಸುಗ್ಗಿ ಮುಗಿದು ಮುಂಗಾರು ಇನ್ನೂ ಬಾರದಿರುವ ಬಿಡುವಿನಲ್ಲಿ, ವರ್ಷವಿಡೀ ಗಂಟು ಕಟ್ಟಿಟ್ಟ ಹಳೆಯ ಬಟ್ಟೆಗಳು ಹೊರಬರುತ್ತವೆ. ಸವೆದ ಸೀರೆಯೊಂದನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಹರಿದ ಧೋತರ, ಅಂಗಿ, ಲಂಗಗಳನ್ನು ಪದರಪದರವಾಗಿ ಹರವುತ್ತಾರೆ. ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳು ಬರುತ್ತವೆ: ಇಳಕಲ್ಲ ಸೀರೆಯ ಸೆರಗು, ಗುಳೇದಗುಡ್ಡದ ಖಣದ ಚೂರು, ಮಗುವಿಗೆ ಸಣ್ಣದಾದ ಝಬಲೆ. ಬಳಿಕ ಇಬ್ಬರು ಮೂವರು ಹೆಣ್ಣುಮಕ್ಕಳು ಎದುರುಬದುರು ಕುಳಿತು ದಪ್ಪ ಸೂಜಿಯಿಂದ ಹೊಲಿಗೆಯ ಸಾಲುಗಳನ್ನು ಹಾಕುತ್ತಾರೆ. ಕೆಲವರು ಉದ್ದಕ್ಕೆ ನೇಗಿಲ ಸಾಲಿನಂತೆ ಹೊಲಿದರೆ, ಕೆಲವರು ಅಂಚಿನಿಂದ ಸುತ್ತುತ್ತ ನಡುವಿಗೆ ಬಂದು ಮುಟ್ಟುತ್ತಾರೆ. ಈ ಸಾಲುಗಳು ಅಂದಕ್ಕಷ್ಟೇ ಇರುವವಲ್ಲ. ಸಾಲುಗಳ ನಡುವಿನ ಅಂತರ ಹೆಚ್ಚಾದರೆ, ಹಳ್ಳದ ಕಲ್ಲಿನ ಮೇಲೆ ಒಗೆಯುವಾಗ ಒಳಗಿನ ಬಟ್ಟೆ ಒಂದೆಡೆ ಮುದ್ದೆಯಾಗುತ್ತದೆ. ಕೌದಿಯನ್ನು ಚೆಲುವುಗೊಳಿಸುವ ಗೆರೆಯೇ ಅದನ್ನು ಬಾಳಿಕೆ ಬರುವಂತೆಯೂ ಮಾಡುತ್ತದೆ.

ಇಲ್ಲಿ ನಕ್ಷೆಯನ್ನು ಯಾರೂ ಮೊದಲೇ ಕಾಗದದ ಮೇಲೆ ಬರೆಯುವುದಿಲ್ಲ; ಗೇಣು, ಬೆರಳುಗಳೇ ಅಳತೆ. ಕಸೂತಿಯಲ್ಲಿಯೂ ಬಟ್ಟೆಯ ಮೇಲೆ ಗುರುತು ಹಾಕುವ ಪದ್ಧತಿಯಿಲ್ಲ, ನಿಜ. ಅಲ್ಲಿ ಎಳೆಗಳನ್ನು ಎಣಿಸಿ ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿಂದ ಗೋಪುರ, ತೇರು, ಆನೆ ಅಂಬಾರಿಗಳನ್ನು ಮೂಡಿಸುತ್ತಾರೆ. ಆದರೆ ಕಸೂತಿಯಲ್ಲಿ ಒಂದು ಎಳೆ ತಪ್ಪಿದರೆ ಬಿಚ್ಚಲೇಬೇಕು. ಕೌದಿಗೆ ಆ ಕಟ್ಟುನಿಟ್ಟು ಇಲ್ಲ. ಮನೆಯಲ್ಲಿ ಯಾವ ಬಟ್ಟೆ ಹರಿದಿದೆಯೋ ಅದೇ ಬಣ್ಣ, ಅದೇ ಆಕಾರ. ಇದ್ದುದರಲ್ಲಿಯೇ ಹೊಂದಿಸಬೇಕಾದ ಈ ಇಕ್ಕಟ್ಟಿನೊಳಗಿಂದಲೇ ಅದರ ಆಟ ಹುಟ್ಟುತ್ತದೆ. ಇದನ್ನು ನನಗೆ ಕಲಿಸಿದವರು ಹುಲಗೂರಿನ ಒಬ್ಬ ಅಜ್ಜಿ.

ಆ ಪ್ರಸಂಗವನ್ನು ಹೇಳಿಬಿಡುವೆನು. ತರಗತಿಯಲ್ಲಿ ಒಮ್ಮೆ ಅಲಂಕಾರ ಚಿತ್ರವನ್ನು ಬರೆಯಿಸಿದ್ದೆನು. ಸುತ್ತಲೂ ಅಂಚು, ನಾಲ್ಕು ಮೂಲೆಗಳಲ್ಲಿ ಒಂದೇ ತೆರನ ಹೂವು ಎಂಬುದು ಅದರ ನಿಯಮ. ಹುಲಗೂರಿನ ಹುಡುಗನೊಬ್ಬ ಕೆಂಪು ಅಂಚು ಬರೆದು, ಒಂದು ಬದಿಯ ನಡುವೆಯೇ ಅದನ್ನು ಹಸಿರಾಗಿಸಿದ್ದನು. ಎದುರುಬದಿಯಲ್ಲಿ ಇನ್ನೊಂದು ತುಂಡು ಹಸಿರು ಇದ್ದಿತಾದರೂ ಅದು ಸರಿಯಾಗಿ ಎದುರಿಗೆ ಇರದೆ ತುಸು ಕೆಳಗೆ ಸರಿದಿತ್ತು. ಅಜಾಗರೂಕತೆಯೆಂದು ಬಗೆದು ಹತ್ತಕ್ಕೆ ಮೂರು ಅಂಕ ಕೊಟ್ಟೆನು. ಹುಡುಗ ಏನೂ ಹೇಳಲಿಲ್ಲ. ಕೆಲವು ತಿಂಗಳ ತರುವಾಯ ಕಾರ್ಯನಿಮಿತ್ತ ಅವನ ಮನೆಗೆ ಹೋದಾಗ, ಕಟ್ಟೆಯ ಮೇಲೆ ಬಿಸಿಲಿಗೆ ಹಾಕಿದ್ದ ಕೌದಿಯಲ್ಲಿ ಅದೇ ಕೆಂಪು ಅಂಚು, ಅದೇ ಎರಡು ಹಸಿರು ತುಂಡುಗಳು ಕಂಡವು. ಅವನ ಅಜ್ಜಿಯನ್ನು ಕೇಳಿದೆನು.

“ಕೆಂಪು ಅರಿವಿ ತೀರಿತ್ರೀ ಮಾಸ್ತರ, ಅದಕ್ಕ ಹಸರ ಹಚ್ಚಿದೆ. ಹಚ್ಚಿ ನೋಡಿದರ ಚಂದ ಕಾಣಿಸ್ತು. ಒಂದ ಆದರ ತಪ್ಪ ಮಾಡ್ಯಾಳ ಅಂತಾರ, ಆ ಕಡೆ ಇನ್ನೊಂದು ಬೇಕಂತ ಹಚ್ಚಿದೆ. ಎದುರಾಎದುರ ಹಚ್ಚಿದರ ಸುಮ್ಮ ಕುಂತಂಗ ಕಾಣತಿತ್ತು, ಅದಕ್ಕ ಒಂದೀಟು ಸರಿಸಿದೆ.”

ಮೊದಲನೆಯ ಹಸಿರು ಕೊರತೆಯಿಂದ ಬಂದಿತು. ಎರಡನೆಯದು ವಿಚಾರದಿಂದ ಬಂದಿತು. ಅದನ್ನು ಸರಿಸಿದ್ದಂತೂ ಶುದ್ಧ ಆಟ. ಸಮತೋಲನ, ಚಲನೆ ಮೊದಲಾದ ಪಾಠಗಳನ್ನು ನಾನು ಕರಿಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದೆನು. ಆ ತಾಯಿ ಅವುಗಳನ್ನು ಮೂರೇ ಮಾತಿನಲ್ಲಿ ಹೇಳಿದ್ದರು. ಹುಡುಗನ ಅಂಕವನ್ನು ಮರುದಿನವೇ ತಿದ್ದಿದೆನು. ಆದರೆ ತನ್ನ ಮನೆಯ ಕೌದಿಯೇ ತಪ್ಪೆಂದು ಅವನು ಅಷ್ಟು ತಿಂಗಳು ನಂಬಿದ್ದನ್ನು ಯಾವ ಕೆಂಪು ಮಸಿಯಿಂದ ತಿದ್ದಲಿ?

ನಮ್ಮ ತಾಲೂಕಿಗೆ ಹೊಂದಿಕೊಂಡಿರುವ ಮುಂಡಗೋಡ, ಅದರಾಚೆಯ ಯಲ್ಲಾಪುರ, ಹಳಿಯಾಳಗಳಲ್ಲಿ ವಾಸಿಸುವ ಸಿದ್ದಿ ಜನಾಂಗದ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ಇನ್ನೂ ಸ್ವಚ್ಛಂದವಾಗಿವೆ. ಅವರು ಕೌದಿಯ ಮೂಲೆಗಳಲ್ಲಿ ಬಟ್ಟೆಯ ಮಡಿಕೆಗಳನ್ನು ಒಂದರ ಮೇಲೊಂದು ಇರಿಸಿ ಹೊಲಿಯುತ್ತಾರೆ. ಇವಕ್ಕೆ ‘ಫುಲಾ’, ಅಂದರೆ ಹೂವು ಎಂದು ಹೆಸರು. ಹೂವಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಬತ್ತಲೆಯಂತೆ! ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಕೌದಿಗಳನ್ನು ಅಭ್ಯಾಸ ಮಾಡಿದರು. 2011ರಲ್ಲಿ ಅವು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅಷ್ಟು ದೂರದಿಂದ ಬಂದವರ ಕಣ್ಣಿಗೆ ಬಿದ್ದುದು ನೆರೆಯಲ್ಲಿಯೇ ಇರುವ ನಮಗೆ ಕಾಣದೆ ಹೋಯಿತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬರು ಸೂಜಿಕಾಯಕದ ರಾಮಿತಂದೆಯೆಂದೇ ಪ್ರಸಿದ್ಧರು. ಸೂಜಿಯ ಕೆಲಸವನ್ನು ಹೆಸರಿನೊಳಗೇ ಹೊತ್ತ ಪರಂಪರೆಯವರು ನಾವು ಎಂಬುದನ್ನು ನೆನೆದಾಗ ಈ ಮರೆವು ಇನ್ನಷ್ಟು ಸೋಜಿಗವೆನಿಸುತ್ತದೆ.

ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಮಕ್ಕಳನ್ನು ಕರೆದೊಯ್ದಾಗಲೂ ಇದೇ ವಿಚಾರ ಬಂದಿತು. ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಹಳ್ಳಿಯ ಮನೆ, ದನಕರು, ಕಸುಬುಗಳನ್ನು ಆಳೆತ್ತರದ ಶಿಲ್ಪಗಳಾಗಿ ಅಲ್ಲಿ ನಿಲ್ಲಿಸಿದ್ದಾರೆ. ಅವರು 2020ರಲ್ಲಿ ನಮ್ಮನ್ನಗಲಿದರು. ಮಕ್ಕಳು ಟಿಕೀಟು ಕೊಂಡು, ತಮ್ಮ ಓಣಿಯಲ್ಲಿ ದಿನವೂ ಕಾಣುವ ಕೆಲಸದ ಮುಂದೆ ಬಾಯಿ ತೆರೆದು ನಿಂತಿದ್ದರು. ದಿನದ ಬದುಕಿನ ಕಡೆಗೆ ಕಣ್ಣು ತಿರುಗಿಸಿದ ಆ ಕಲಾವಿದನ ಉಪಕಾರ ದೊಡ್ಡದು. ಆದರೆ ಶಿಲ್ಪ ಉಳಿದು ಕಸುಬು ಹೋದರೆ ಗತಿಯೇನು?

ಕಸುಬು ಹೋಗುತ್ತಿರುವುದಕ್ಕೆ ಕಾರಣಗಳು ಗೂಢವಾದವೇನಲ್ಲ. ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಬೆವರು ಹೀರುವುದಿಲ್ಲ. ಸವೆದ ಹತ್ತಿಬಟ್ಟೆಯ ಮೆತುವು ಅದಕ್ಕೆ ಬರುವುದಿಲ್ಲ. ಹಳೆಯ ಬಟ್ಟೆಯ ಗಂಟು ಈಗ ಸ್ಟೀಲಿನ ಡಬರಿಗೆ ಬದಲಾಗಿ ಪಾತ್ರೆ ಮಾರುವವರ ಬುಟ್ಟಿ ಸೇರುತ್ತದೆ. ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಬೇಸಿಗೆಯ ಬಿಡುವೂ ಇಲ್ಲ. ಸಂತೆಯಲ್ಲಿ ಕಡಿಮೆ ಬೆಲೆಗೆ ಸಿಗುವ ರಗ್ಗನ್ನು ಆಕೆ ಕೊಂಡರೆ ತಪ್ಪೆನ್ನಲಾಗದು.

ಪ್ರಸಾದನಿಲಯಕ್ಕೆ ದಾನಿಗಳು ಕೊಟ್ಟ ರಗ್ಗುಗಳೂ ಬೆಚ್ಚಗಿವೆ, ಹಗುರವಾಗಿವೆ, ಬೇಗ ಒಣಗುತ್ತವೆ. ಅದಕ್ಕಾಗಿ ನಾವೆಲ್ಲ ಋಣಿಗಳು. ಆದರೆ ಅವು ಬಂದ ವರ್ಷ, ಮಕ್ಕಳು ಬಿಟ್ಟುಹೋದ ಕೌದಿಗಳು ನೆಲ ಒರೆಸಲು ಹೋಗುತ್ತಿರುವುದನ್ನು ಕಂಡು, ಉಗ್ರಾಣದವರನ್ನು ಬೇಡಿಕೊಂಡು ಹನ್ನೊಂದನ್ನು ಚಿತ್ರಕಲಾ ಕೊಠಡಿಗೆ ತರಿಸಿದೆನು. ಒಗೆಯಿಸಿ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಹಾಕಿಸಿದ್ದೇನೆ. ಒಂದರಲ್ಲಿ ಬೆಂಕಿಯ ಕಿಡಿ ಬಿದ್ದು ಸುಟ್ಟ ತೂತನ್ನು ಗಿಣಿಯಾಕಾರದ ಹಸಿರು ತೇಪೆ ಮುಚ್ಚಿದೆ. ಗಿಣಿಯ ಕಣ್ಣಿನ ಜಾಗದಲ್ಲಿ ಅಂಗಿಯ ಗುಂಡಿಯಿದೆ. ಇನ್ನೊಂದರ ಮೂಲೆಯಲ್ಲಿ ಹುಡುಗನ ಹೆಸರಿನ ಮೊದಲ ಅಕ್ಷರವನ್ನು ಯಾರೋ ತಿರುಗುಮುರುಗಾಗಿ ಹೊಲಿದಿದ್ದಾರೆ. ಹೊಲಿದವರಿಗೆ ಓದು ಬರುತ್ತಿರಲಿಲ್ಲವೆಂದು ತೋರುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ತಮ್ಮದನ್ನು ಗುರುತಿಸಿದರೆ ಬಂದು ಒಯ್ಯಬಹುದು. ಅದನ್ನು ಹೊಲಿದವರ ಹೆಸರನ್ನು ಮಾತ್ರ ದಾಖಲೆ ಪುಸ್ತಕದಲ್ಲಿ ಬರೆದು ಹೋಗಬೇಕೆಂದು ವಿನಂತಿ.