ಡಿಜಿಟಲ್ ಸದ್ದಿಗೂ ಕರೆಂಟಿನ ಕಾಟ

ಕಾರ್ಯಕ್ರಮಕ್ಕೆ ಮುನ್ನ ಮೈಕ್ ಸೆಟ್ಟಿನವರು ಲ್ಯಾಪ್‌ಟಾಪನ್ನು ಮಿಕ್ಸರ್‌ಗೆ ಸಿಕ್ಕಿಸುತ್ತಾರೆ. ಹಾಡು ಇನ್ನೂ ಹಾಕಿಲ್ಲ, ಸ್ಪೀಕರ್ ಆಗಲೇ ಗುಂಯ್ ಎನ್ನುತ್ತಿದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಸದ್ದು ಥಟ್ಟನೆ ಅಡಗುತ್ತದೆ. ಸಭಾಂಗಣಗಳಲ್ಲಿ ಇದು ದಿನನಿತ್ಯದ ಪಾಡು.

ಡಿಜಿಟಲ್ ಅಂದಮೇಲೆ ಎಲ್ಲ ಸೊನ್ನೆ, ಒಂದು, ಕರೆಂಟ್ ಹೇಗಿದ್ದರೇನು? ವಾದ ಅರ್ಧ ಸರಿ. ವೋಲ್ಟೇಜ್ ತುಸು ಅಲುಗಾಡಿದ ಮಾತ್ರಕ್ಕೆ ಸೊನ್ನೆ ಒಂದಾಗುವುದಿಲ್ಲ. ಆದರೆ ಕಿವಿಗೆ ಬೇಕಾದದ್ದು ಅಂಕಿಯಲ್ಲ, ಅಲೆ. ಅಂಕಿಗಳನ್ನು ವಿದ್ಯುತ್ ಅಲೆಯಾಗಿಸುವ ಡ್ಯಾಕ್ ಚಿಪ್ಪಿನಲ್ಲೇ ಕರೆಂಟಿನ ಗುಣ ಬಯಲಾಗುವುದು.

ಡ್ಯಾಕ್ ಪ್ರತಿ ಅಂಕಿಯನ್ನೂ ಒಂದು ರೆಫರೆನ್ಸ್ ವೋಲ್ಟೇಜಿನ ಲೆಕ್ಕದಲ್ಲಿ ಅಳೆದುಕೊಡುತ್ತದೆ. ಸಿ.ಡಿ.ಯ 16 ಬಿಟ್‌ನಲ್ಲಿ ಇರುವುದು 65,536 ಮೆಟ್ಟಿಲು. 2 ವೋಲ್ಟನ್ನು ಅಷ್ಟು ಪಾಲು ಮಾಡಿದರೆ ಒಂದು ಮೆಟ್ಟಿಲಿಗೆ ಸಿಗುವುದು ಸುಮಾರು 30 ಮೈಕ್ರೋವೋಲ್ಟ್. ಅಳತೆಗೋಲೇ ನಡುಗಿದರೆ ಅಳತೆ ನೆಟ್ಟಗಿರುವುದು ಹೇಗೆ? ಸೆಕೆಂಡಿಗೆ 44,100 ಸಲ ಲೆಕ್ಕ ಹಿಡಿಯುವ ಆಸಿಲೇಟರ್‌ಗೂ ಶುದ್ಧ ಕರೆಂಟ್ ಬೇಕು. ಇಲ್ಲದಿದ್ದರೆ ಗತಿ ಕೂದಲೆಳೆಯಷ್ಟು ಹಿಂದುಮುಂದಾಗುತ್ತದೆ. ಇದೇ ಜಿಟರ್. ಚೆನ್ನಾಗಿ ವಿನ್ಯಾಸ ಮಾಡಿದ ಸಾಧನಗಳಲ್ಲಿ ಅದು ಕಿವಿಗೆ ತಿಳಿಯದು.

ಗದ್ದಲದ ಮೂಲ ಒಂದೆರಡಲ್ಲ. ನಮ್ಮ ಮನೆಗೆ ಬರುವ 230 ವೋಲ್ಟ್, 50 ಹರ್ಟ್ಸ್ ಕರೆಂಟನ್ನು ಡಿ.ಸಿ. ಮಾಡುವಾಗ 100 ಹರ್ಟ್ಸ್‌ನ ಅಲುಗಾಟ ಉಳಿಯುತ್ತದೆ. ಅದನ್ನು ಹೀರಬೇಕಾದ ಕೆಪಾಸಿಟರ್ ಹಳತಾಗಿ ಒಣಗಿದರೆ ಅದೇ ಗುಂಯ್‌ಗಾಟವಾಗಿ ಕೇಳುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್‌ಗಳ ಚೌಕದ ಅಲೆಯಲ್ಲಂತೂ ಹಾರ್ಮೋನಿಕ್‌ಗಳದ್ದೇ, ಅಂದರೆ ಮೂಲ ಅಲೆಯ ಹಲವು ಪಟ್ಟು ವೇಗದ ಮರಿ ಅಲೆಗಳದ್ದೇ ಜಾತ್ರೆ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿದಾಗ ಫ್ಯಾನು, ಸ್ಪೀಕರ್ ಎರಡೂ ಗೊರಗುಡುವುದುಂಟು.

ಸಭಾಂಗಣದ ಕಥೆ ಬೇರೆ. ಎರಡು ಪಿನ್ನಿನ ಚಾರ್ಜರ್‌ನೊಳಗಿನ ಪುಟ್ಟ ಕೆಪಾಸಿಟರ್ ಮೂಲಕ ಚೂರು ಕರೆಂಟ್ ಸೋರುತ್ತದೆ. ಅದು ಅರ್ತ್ ಹುಡುಕಿಕೊಂಡು ಆಡಿಯೋ ಕೇಬಲ್ಲಿನ ಹೊರಕವಚ ಹಿಡಿದು ಮಿಕ್ಸರ್ ಕಡೆಗೆ ಹರಿಯುತ್ತದೆ. ಮೂರು ಪಿನ್ನಿನದಾದರೆ ಲ್ಯಾಪ್‌ಟಾಪಿಗೊಂದು, ಮಿಕ್ಸರ್‌ಗೊಂದು ಎಂದು ಅರ್ತ್ ಎರಡಾಗಿ, ಅವುಗಳ ನಡುವೆ ಕರೆಂಟ್ ಸುತ್ತುವ ಗ್ರೌಂಡ್ ಲೂಪ್ ಹುಟ್ಟುತ್ತದೆ.

ಅಂಕಿಗಳೇ ಎಡವುವ ಸಂದರ್ಭವೂ ಇದೆ. ಹಲವರು ಮ್ಯೂಸಿಕ್ ಪ್ಲೇಯರ್ ಮಾಡಿಕೊಂಡಿರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ 5 ವೋಲ್ಟ್ ಬೇಕು. ಅದು ಸುಮಾರು 4.63ಕ್ಕಿಂತ ಇಳಿದರೆ ಪರದೆಯಲ್ಲಿ ಮಿಂಚಿನ ಗುರುತು ಮೂಡಿ ಪ್ರೊಸೆಸರ್ ವೇಗ ತಗ್ಗುತ್ತದೆ, ಹಾಡು ತಡವರಿಸಬಹುದು. ಸಾಧಾರಣ ಮೊಬೈಲ್ ಚಾರ್ಜರ್, ಸಪೂರ ಕೇಬಲ್ ಸೇರಿದರೆ ಇಷ್ಟಾಗಲು ಸಾಕು.

ಜಪಾನಿನಲ್ಲಿ ಕೆಲವು ಸಂಗೀತಪ್ರಿಯರು ಮನೆಯಂಗಳದಲ್ಲಿ ಸ್ವಂತ ಕಂಬ, ಟ್ರಾನ್ಸ್‌ಫಾರ್ಮರ್ ನೆಡಿಸಿಕೊಂಡಿದ್ದಾರೆ. ಅಷ್ಟು ದೂರ ಹೋಗಬೇಕಿಲ್ಲ. ಎಲ್ಲ ಸಾಧನಗಳನ್ನೂ ಒಂದೇ ಬೋರ್ಡಿನಿಂದ ಎಳೆಯುವುದು, ಗದ್ದಲ ರದ್ದು ಮಾಡುವ ಬ್ಯಾಲೆನ್ಸ್ಡ್ ಕೇಬಲ್ ಬಳಸುವುದು, ಅರ್ತ್ ಕೊಂಡಿ ಕಡಿಯಲು ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿ.ಐ. ಬಾಕ್ಸ್ ಇಡುವುದು: ಗುಂಯ್‌ಗಾಟ ಬಹುಮಟ್ಟಿಗೆ ಇಲ್ಲೇ ಅಡಗುತ್ತದೆ. ಕೆಲವರು ಅರ್ತ್‌ಗೆಂದಿರುವ ಮೂರನೇ ಪಿನ್ನನ್ನೇ ಮುರಿದು ಸದ್ದು ನಿಲ್ಲಿಸುತ್ತಾರೆ. ಒಳಗೆ ವೈರ್ ಸುಲಿದ ದಿನ ಆ 230 ವೋಲ್ಟ್ ಮೈಕ್ ಹಿಡಿದವರ ಕೈಗೇ ಬರುತ್ತದೆ.